ಎಡಕ್ಕೆ ವಾಲಿದ ಗಾಡಿ

ನಮ್ಮ ನಡುಮನೆಗೆ ಟೈಲ್ಸ್ ಹಾಕಿಸುತ್ತಿದ್ದೇವೆ. ಇವತ್ತು ಬೆಳಿಗ್ಗೆ ಮೇಸ್ತ್ರಿ ನೀರು ತುಂಬಿದ ಪ್ಲಾಸ್ಟಿಕ್ ಪೈಪೊಂದನ್ನು ಗೋಡೆಯಿಂದ ಗೋಡೆಗೆ ಎಳೆದು, “ಸಾರ್, ಈ ತುದಿ ಸ್ವಲ್ಪ ಹಿಡ್ಕಳಿ, ಮಟ್ಟ ನೋಡ್ಬೇಕು” ಎಂದ. ನಾನು ಕಾದ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡೆ. ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಪೈಪಿನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಕೆಲಸ ಮುಂದುವರಿಸಿದ. ಸರಳು ನನಗಿಂತ ಭರವಸೆಯದು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಅದು ಯಾಕೆ ಎಂದು ನಿಮಗೆ ಹೇಳಿಬಿಡುತ್ತೇನೆ. ಹೇಗೂ ದಿನಕ್ಕೆರಡು ಸಲ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಎದುರಿಗೆ ಕೇಳುವವರೊಬ್ಬರಿದ್ದರೆ ನೋಡುವವರಿಗೆ ಮರ್ಯಾದೆಯಾಗಿ ಕಾಣುತ್ತದೆ.

ಬಸು ನನ್ನ ಬಾಲ್ಯದ ಗೆಳೆಯ. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಇಬ್ಬರೂ ಒಟ್ಟಿಗೆ ಬಿ.ಎಸ್‌ಸಿ. ಮುಗಿಸಿದೆವು. ಅವನು ಓದಿದ್ದನ್ನು ಪರೀಕ್ಷೆಯ ಮಾರನೆಯ ದಿನವೇ ಮರೆತು ಸುಖವಾಗಿದ್ದಾನೆ. ನಾನು ಅರ್ಧ ನೆನಪಿಟ್ಟುಕೊಂಡಿದ್ದೇನೆ, ಅದೇ ಅಪಾಯ.

ಎರಡು ವರ್ಷದ ಹಿಂದೆ ಬಸು ಹಳೆಯ ಫೋರ್ ವೀಲ್ ಗಾಡಿಯೊಂದನ್ನು ಕೊಂಡು, ತರೀಕೆರೆಯ ತಿಪ್ಪೇಶಣ್ಣನ ಗ್ಯಾರೇಜಿನಲ್ಲಿ ಅದನ್ನು ಮೂರು ಇಂಚು ಎತ್ತರಿಸಿಕೊಂಡು ಬಂದ. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಎಮ್ಮೆಯ ಮೋರೆಯಷ್ಟು ಅಗಲದ ಟೈರು. ಕೊಬ್ಬರಿ ಮಾರುವವನಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. ಅವನ ದೊಡ್ಡಮ್ಮ ಕೇಳಿದ್ದರು. ಅಜ್ಜಂಪುರದವರು, ಎಪ್ಪತ್ತರ ಹತ್ತಿರ, ಬಾಯಿ ಮಾತ್ರ ಇಪ್ಪತ್ತರದು. ಮೊದಲ ಸಲ ಆ ಗಾಡಿ ಹತ್ತಲು ಸ್ಟೂಲು ತರಿಸಿಕೊಂಡು, “ಲೇ ಬಸು, ಇದ್ರಾಗೆ ಕೂತು ಎಲ್ಲಿಗೋ ಹೋಗ್ತೀಯ, ಯುದ್ಧಕ್ಕಾ? ಸಂತೆಗೆ ಹೋಗಿ ಸೊಪ್ಪು ತರಾಕೆ ಇಷ್ಟೆತ್ತರ ಯಾಕಪ್ಪ ಬೇಕು?” ಎಂದಿದ್ದರು. ಬಸು ಹಾರ್ನ್ ಹೊಡೆದ.

ಹೀಗೆ ಎತ್ತರವಾದ ಗಾಡಿ ಎಡಕ್ಕೆ ವಾಲಿದೆ ಎಂದು ಮೊದಲು ಕಂಡುಹಿಡಿದದ್ದೂ ಬಸುವೇ. ಒಂದು ದಿನ ಮನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ಕಣ್ಣು ಕಿರಿದು ಮಾಡಿ, “ಎಡಗಡೆ ಹಿಂದಿನ ಸ್ಪ್ರಿಂಗು ಕೂತ್ಬಿಟ್ಟೈತೆ ಕಣೋ” ಎಂದ. ನಾನೂ ನೋಡಿದೆ. ನಿಜ, ವಾಲಿತ್ತು.

ಗಾಡಿ ನಿಂತಿದ್ದ ಜಾಗದ ಬಗ್ಗೆ ಎರಡು ಮಾತು ಹೇಳಬೇಕು. ಅದು ಬಸುವಿನ ಅಪ್ಪ ಕಟ್ಟಿಸಿದ್ದ, ಕೊಬ್ಬರಿ ಒಣಗಿಸುವ ಸಿಮೆಂಟಿನ ಕಣ. ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ಚರಂಡಿ. ನಾವು ಕ್ರಿಕೆಟ್ ಆಡಿ ಬೆಳೆದದ್ದು ಅದೇ ಕಣದಲ್ಲಿ. ಯಾವ ದಿಕ್ಕಿಗೆ ಹೊಡೆದರೂ ಚೆಂಡು ಕೊನೆಗೆ ಹೋಗಿ ಚರಂಡಿಗೆ ಬೀಳುತ್ತಿದ್ದುದರಿಂದ ನಮ್ಮ ತಂಡಕ್ಕೆ ಒಬ್ಬನೇ ಫೀಲ್ಡರ್ ಸಾಕಾಗುತ್ತಿದ್ದ. ಇಪ್ಪತ್ತು ವರ್ಷ ಆ ಚೆಂಡು ನಮಗೆ ಒಂದೇ ಪಾಠವನ್ನು ಹೇಳಿಕೊಟ್ಟಿತ್ತು. ನಾವು ಕಲಿತಿರಲಿಲ್ಲ.

ತಿಪ್ಪೇಶಣ್ಣನ ಹತ್ತಿರ ಹೋಗೋಣ ಎಂದೆ. “ಅವನತ್ರ ಯಾಕೋ? ‘ನಾನು ಹಾಕಿದ್ದು ಸರಿಯಾಗೇ ಐತೆ’ ಅಂತಾನೆ, ಮೊದ್ಲು ಸಾಕ್ಷಿ ಬೇಕು” ಎಂದ ಬಸು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವರಿಂದ ನೀರಿನ ಪೈಪು ಇಸಿದುಕೊಂಡು ಬಂದ. ಹಿಂದಿನ ಬಂಪರಿನ ಎಡ ಮೂಲೆಗೆ ಅವನು, ಬಲ ಮೂಲೆಗೆ ನಾನು. ಪೈಪಿನಲ್ಲಿ ನೀರು ಅಲುಗಾಡಿ ನಿಂತಿತು. ನೀರಿನ ಮಟ್ಟಕ್ಕಿಂತ ಬಂಪರು ಎಡಗಡೆ ಎರಡು ಬೆರಳು ತಗ್ಗು. ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಪದವೀಧರ ನೋಡಿ. ದ್ರವದ ಮೇಲ್ಮೈ ಯಾವಾಗಲೂ ಒಂದೇ ಮಟ್ಟದಲ್ಲಿರುತ್ತದೆ ಎಂದು ಹತ್ತು ನಿಮಿಷ ಪಾಠ ಮಾಡಿ, “ನೀರು ಸುಳ್ಳು ಹೇಳಲ್ಲ ಕಣೋ” ಎಂದು ಮುಗಿಸಿದೆ. ನೀರು ಸುಳ್ಳು ಹೇಳಲಿಲ್ಲ, ನಿಜ. ನಾವು ಕೇಳಿದ್ದು ಗಾಡಿಯ ವಿಷಯ, ಅದು ಹೇಳಿದ್ದು ಕಣದ ವಿಷಯ.

ಸಾಕ್ಷಿ ಸಿಕ್ಕ ಮೇಲೆ ತಿಪ್ಪೇಶಣ್ಣನೂ ಬೇಡವಾದ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಲಾರಿ ಟೈರಿನಿಂದ ದಪ್ಪನೆಯ ಉಂಗುರವೊಂದನ್ನು ಕತ್ತರಿಸಿಕೊಂಡು ಬಂದೆವು. ಹಿಂದಿನ ಕಾಲದ ಜೀಪುಗಳಲ್ಲಿ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತಿತ್ತು. ಅದನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಈ ಗಾಡಿಯಲ್ಲಿ ಹಿಂದೆ ಇರುವುದು ಸುರುಳಿ ಸ್ಪ್ರಿಂಗು. ಕೆಳಗೊಂದು ಬಟ್ಟಲು, ಮೇಲೊಂದು ಬಟ್ಟಲು, ನಡುವೆ ಸ್ಪ್ರಿಂಗು. ಅದನ್ನು ಹಿಡಿದಿಟ್ಟಿರುವುದು ಗಾಡಿಯ ಭಾರ ಮತ್ತು ಬಟ್ಟಲಿನ ಅಂಚು, ಅಷ್ಟೇ. ಈ ಜ್ಞಾನ ನನಗೆ ಆಮೇಲೆ ಬಂತು. ಆವತ್ತು ನಾನು ಜಾಕ್ ತಿರುಗಿಸಿದೆ, ಬಸು ಕೆಳಗಿನ ಬಟ್ಟಲಿನಲ್ಲಿ ಉಂಗುರವಿಟ್ಟು ಅದರ ಮೇಲೆ ಸ್ಪ್ರಿಂಗನ್ನು ಕೂರಿಸಿದ. “ಕೂತ್ಕೊಂತಾ?” ಎಂದೆ. “ಹೆಂಗೋ ಕೂತೈತೆ” ಎಂದ. ಮತ್ತೆ ಪೈಪು ಹಿಡಿದೆವು. ಎರಡೂ ಕಡೆ ಸಮ. ಕೈಕುಲುಕಿಕೊಂಡೆವು.

ಆ ವಾರ ದೊಡ್ಡಮ್ಮ ಕಡೂರಿಗೆ ಬಂದಿದ್ದರು. ಇಷ್ಟು ಹತ್ತಿರ ಇದ್ದುಕೊಂಡು ಹೆಬ್ಬೆಯ ಕಡೆಯ ಕಾಡನ್ನೇ ನೋಡಿಲ್ಲ ಎಂದು ಅವರೆಂದದ್ದೇ ತಡ, ಗಾಡಿಗೆ ಕೆಲಸ ಸಿಕ್ಕಿತಲ್ಲ ಎಂದು ಬಸು ಕುಣಿದ. ಹೆಬ್ಬೆ ಜಲಪಾತಕ್ಕೆ ನಮ್ಮಂಥವರ ಗಾಡಿಯನ್ನು ಬಿಡುವುದಿಲ್ಲ, ಅಲ್ಲಿನ ಜೀಪಿನವರೇ ಕರೆದೊಯ್ಯಬೇಕು. ಮೂರು ಇಂಚು ಎತ್ತರಿಸಿದವನಿಗೆ ಇದು ಅವಮಾನ. ಹಾಗಾಗಿ ಕೆಮ್ಮಣ್ಣುಗುಂಡಿಯ ಕೆಳಗೆ ಪರಿಚಯದವರೊಬ್ಬರ ಕಾಫಿ ತೋಟದೊಳಗಿನ ದಾರಿಯನ್ನು ಹುಡುಕಿಕೊಂಡಿದ್ದ.

ಕಡೂರು ದಾಟಿ ಮೊದಲನೆಯ ಹಂಪು ಹತ್ತಿಳಿದಾಗ ಹಿಂದಿನಿಂದ ‘ಟಣ್’ ಎಂದಿತು. ಎರಡನೆಯ ಹಂಪಿಗೂ ಟಣ್. ಹಿಂದಿನ ಸೀಟಿನ ಎಡಗಡೆ ಕೂತಿದ್ದ ದೊಡ್ಡಮ್ಮ, “ಏನ್ರೋ ಅದು? ನನ್ ಕುಂಡಿ ಕೆಳಗೆ ಯಾರೋ ಪಾತ್ರೆ ಬಡೀತಾವ್ರೆ” ಎಂದರು.

“ಹೊಸ ರಬ್ಬರ್ ದೊಡ್ಡಮ್ಮ, ಪಳಗ್ಬೇಕು” ಎಂದು ಬಸು ಹಾಡಿನ ಶಬ್ದ ಜೋರು ಮಾಡಿದ.

ದೊಡ್ಡಮ್ಮನ ಪಕ್ಕ ಕೂತಿದ್ದ ನಾನು ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಅವನೂ ನನ್ನನ್ನು ನೋಡಿದ. ರಬ್ಬರ್ ಟಣ್ ಎನ್ನುವುದಿಲ್ಲ ಎಂದು ತಿಳಿಯಲು ಬಿ.ಎಸ್‌ಸಿ. ಬೇಕಿಲ್ಲ. ನಿಲ್ಲಿಸು ಎನ್ನಬೇಕಿತ್ತು. ನಿಲ್ಲಿಸಿದರೆ ಹತ್ತು ನಿಮಿಷದ ಪಾಠವನ್ನು ವಾಪಸು ತೆಗೆದುಕೊಳ್ಳಬೇಕಾಗುತ್ತಿತ್ತು. ತರೀಕೆರೆಯಲ್ಲಿ ತಿಪ್ಪೇಶಣ್ಣನ ಗ್ಯಾರೇಜಿನ ಮುಂದೆಯೇ ಹಾದು ಹೋದೆವು. ಬಸು ಅಲ್ಲಿ ಸ್ವಲ್ಪ ವೇಗ ಹೆಚ್ಚಿಸಿದ.

ತೋಟದ ದಾರಿಯಲ್ಲಿ ಒಂದು ತಿರುವು. ಬಲಕ್ಕೆ ದಿಣ್ಣೆ, ಎಡಕ್ಕೆ ಇಳಿಜಾರು. ಇಳಿಜಾರು ಎಂದರೆ ಕೆಳಗಿನ ಸಿಲ್ವರ್ ಓಕ್ ಮರಗಳ ತುದಿ ನಮ್ಮ ಪಾದದ ಮಟ್ಟಕ್ಕಿತ್ತು. ನಾನು ಕೆಳಗಿಳಿದು ಮುಂದೆ ನಿಂತು, ಏನೋ ತಿಳಿದವನಂತೆ ಕೈಬೀಸಿ ದಾರಿ ತೋರಿಸುತ್ತಿದ್ದೆ. ಹಿಂದಿನ ಬಲಚಕ್ರ ಬಂಡೆ ಹತ್ತಿತು, ಎಡಚಕ್ರ ಕೊರಕಲಿಗೆ ಇಳಿಯಿತು, ಇನ್ನೂ ಇಳಿಯಿತು. ಆಗ ಸ್ಪ್ರಿಂಗು ಹೊರಗೆ ಬಂತು. ನಾನು ಕಣ್ಣಾರೆ ನೋಡಿದೆ. ಬಾಗಿಲು ತೆರೆದು ಇಳಿದು ಹೋಗುವವರ ಹಾಗೆ ನಿಧಾನವಾಗಿ ಬಟ್ಟಲಿನಿಂದ ಜಾರಿ, ನೆಲಕ್ಕೆ ಬಿದ್ದು, ಕಾಫಿ ಗಿಡಗಳ ನಡುವೆ ಪುಟಿಯುತ್ತ ಕೆಳಗೆ ಹೋಯಿತು. ಅದು ಹೋದ ಮೇಲೆ ಗಾಡಿಯ ಎಡ ಮೂಲೆ ದಡಕ್ಕನೆ ಕುಸಿಯಿತು. ಇಡೀ ಗಾಡಿ ಇಳಿಜಾರಿನ ಕಡೆ ಬಾಗಿ, ಮುಂದಿನ ಬಲಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುಮ್ಮನೆ ನಿಂತಿತು.

ಹಾಡು ಇನ್ನೂ ಬರುತ್ತಿತ್ತು.

“ಬ್ರೇಕ್ ಬಿಡ್ಬೇಡ!” ಎಂದು ಕೂಗಿದೆ. ಬಿಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸ್ಟಿಯರಿಂಗನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ್ದ. ಅವನು ಇಳಿದರೆ ಬ್ರೇಕೂ ಹೋಗುತ್ತಿತ್ತು, ಬಲಗಡೆಯ ಭಾರವೂ ಹೋಗುತ್ತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟೆ. ಆಮೇಲೆ ಬಲಗಡೆಯ ಫುಟ್‌ಬೋರ್ಡ್ ಹತ್ತಿ, ಹಬ್ಬದ ದಿನದ ಬಸ್ಸಿಗೆ ಜೋತುಬಿದ್ದವನ ಹಾಗೆ ಹೊರಕ್ಕೆ ಬಾಗಿ ತೂಗಿದೆ. ನನ್ನ ತೂಕ ಐವತ್ತೆಂಟು ಕೆಜಿ. ಜೀವನದಲ್ಲಿ ಬೇಡ ಎಂದಿದ್ದ ಎರಡನೆಯ ಮುದ್ದೆಗಳೆಲ್ಲ ಆಗ ಒಂದೊಂದಾಗಿ ನೆನಪಿಗೆ ಬಂದವು.

“ದೊಡ್ಡಮ್ಮ, ಬೆಲ್ಟ್ ಬಿಚ್ಚಿ, ನಿಧಾನಕ್ಕೆ ಈ ಕಡೆ ಸರೀರಿ. ಆ ಕಡೆ ನೋಡ್ಬೇಡಿ.”

“ನೋಡಿ ಆಯ್ತು ಕಣೋ. ಚೆನ್ನಾಗೈತೆ ಜಾಗ” ಎಂದರು. ಬೆಲ್ಟು ಬಿಚ್ಚಿದ ಶಬ್ದ ಕೇಳಿಸಿತು. ಆಮೇಲೆ ಕಿಟಕಿಯಿಂದ ಮೊದಲು ಹೊರಗೆ ಬಂದದ್ದು ಬುತ್ತಿಯ ಚೀಲ. “ಇದನ್ನ ಹಿಡ್ಕೊ.”

“ಬಿಡಿ ದೊಡ್ಡಮ್ಮ ಅದನ್ನ!”

“ರೊಟ್ಟಿ ಐತೆ ಕಣೋ. ಹಿಡ್ಕೊ ಅಂದ್ರೆ ಹಿಡ್ಕೊ.”

ಕೈ ಖಾಲಿಯಿರಲಿಲ್ಲ. ಅವರೇ ಚೀಲವನ್ನು ನನ್ನ ಕುತ್ತಿಗೆಗೆ ಹಾಕಿದರು. ಗಾಡಿ ಕಿರ್ ಎಂದಿತು. ಅವರು ಒಂದು ಗೇಣು ಸರಿದರು, ನಿಂತರು. ಇನ್ನೊಂದು ಗೇಣು. ಮಾತು ನಿಂತಿತ್ತು. ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಆ ಬಾಯಿ ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು. ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ಇಳಿಜಾರಲ್ಲ, ಆ ಮೌನ. ಕೊನೆಗೆ ಬಾಗಿಲು ತೆರೆದು, ನನ್ನ ಹೆಗಲನ್ನೇ ಸ್ಟೂಲು ಮಾಡಿಕೊಂಡು ದಿಣ್ಣೆಯ ಮೇಲಿಳಿದರು. ಅವರ ಹಿಂದೆ ಬಸು ಇಳಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಗಾಡಿ ಬೀಳಲಿಲ್ಲ. ಬೀಳಲು ಇನ್ನೇನು ಬೇಕಿತ್ತು ಎಂದು ಯೋಚಿಸುವುದೇ ನನ್ನ ಈಗಿನ ಉದ್ಯೋಗ.

ತೋಟದ ಟ್ರಾಕ್ಟರು ಗಾಡಿಯನ್ನು ಮೇಲೆಳೆಯಿತು. ಮಾರನೆಯ ದಿನ ನಾನು ಇಳಿಜಾರಿನಲ್ಲಿ ಹುಡುಕಿ ತಂದ ಸ್ಪ್ರಿಂಗಿನ ಸಮೇತ ತಿಪ್ಪೇಶಣ್ಣನ ಗ್ಯಾರೇಜಿಗೆ ಹೋದೆವು. ಬಸು ಮೊದಲೇ ದನಿ ಎತ್ತಿದ: “ನೀನ್ ಹಾಕಿದ್ ಸ್ಪ್ರಿಂಗೇ ಸರಿ ಇರ್ಲಿಲ್ಲ ತಿಪ್ಪೇಶಣ್ಣ, ಎಡಗಡೇದು ಕೂತೋಗಿತ್ತು.”

ತಿಪ್ಪೇಶಣ್ಣ ಎರಡೂ ಸ್ಪ್ರಿಂಗುಗಳನ್ನು ನೆಲದ ಮೇಲೆ ಅಕ್ಕಪಕ್ಕ ನಿಲ್ಲಿಸಿ ಮೇಲೊಂದು ಪಟ್ಟಿಯಿಟ್ಟ. ಸಮ. ಉಂಗುರವಿಲ್ಲದೆ ಅವುಗಳನ್ನು ಜೋಡಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದ. ಎರಡೂ ಕಡೆ ಸಮ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ಮತ್ತೆ ಅಳೆದ. “ಸ್ಪ್ರಿಂಗು ಕೂತಿದ್ರೆ ವಾಲೋದು ಈಗ ಬಲಕ್ಕೆ ಬರ್ಬೇಕಿತ್ತು. ಬಂತಾ?” ಬರಲಿಲ್ಲ. ಆಮೇಲೆ ನಮ್ಮ ಉಂಗುರವನ್ನು ಬಟ್ಟಲಿನಲ್ಲಿಟ್ಟು ತೋರಿಸಿದ. “ನೋಡಿ, ಇದು ಅಂಚಿಗಿಂತ ಮೇಲೆ ಬಂದೈತೆ. ಸ್ಪ್ರಿಂಗಿಗೆ ಹಿಡಿತ ಎಲ್ಲೈತೆ? ಚಕ್ರ ಜೋತುಬಿದ್ದಾಗ ಜಾರದೆ ಇನ್ನೇನ್ ಮಾಡುತ್ತೆ? ಅಳತೆ ಎಲ್ಲಿ ಮಾಡಿದ್ರಿ?”

“ನಮ್ಮನೆ ಕಣದಾಗೆ. ನೀರಿನ ಪೈಪಲ್ಲಿ” ಎಂದ ಬಸು.

“ಕೊಬ್ಬರಿ ಕಣದಾಗಾ?” ತಿಪ್ಪೇಶಣ್ಣ ಟೈರೊಂದರ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಮಳೆ ನೀರು ನಿಲ್ಬಾರ್ದು ಅಂತ ವಾಟ ಕೊಟ್ಟೇ ಕಟ್ಸೋದಲ್ವೇನ್ರಪ್ಪ ಅದನ್ನ! ಕಣ ವಾಲೈತೆ ಅಂತ ಗಾಡಿಗೆ ಮೆಟ್ಟು ಹೊಲ್ಸಿದ್ರಾ?” ನಗು ನಿಂತ ಮೇಲೆ ಕೆಳಗಿನ ಬಟ್ಟಲಿನ ಅಂಚಿನಲ್ಲಿ ಉಜ್ಜಿ ಹೊಳೆಯುತ್ತಿದ್ದ ಜಾಗವೊಂದರ ಮೇಲೆ ಬೆರಳಿಟ್ಟ. “ಇಲ್ಲಿ ಹೊಡೀತಾ ಬಂದೈತೆ, ದಾರಿಯುದ್ದಕ್ಕೂ. ಕೇಳಿಸ್ಲಿಲ್ವಾ?”



ಅಷ್ಟು ಹೊತ್ತಿಗೆ ದೊಡ್ಡಮ್ಮ ಅಜ್ಜಂಪುರಕ್ಕೆ ವಾಪಸಾಗಿದ್ದರು. ತರೀಕೆರೆಯ ಮೆಕ್ಯಾನಿಕ್ ಒಬ್ಬ ತನ್ನನ್ನು ಕೊಂದೇಬಿಡುತ್ತಿದ್ದ ಎಂದು ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಹಾಗೆಂದು ಅವರಿಗೆ ಹೇಳಿದ್ದವನು ಬಸು, ಪಕ್ಕದಲ್ಲಿ ಸುಮ್ಮನೆ ನಿಂತಿದ್ದವನು ನಾನು. ಎರಡು ದಿನ ತಡೆದೆ. ಮೂರನೆಯ ದಿನ ಬಸುವನ್ನು ಎಳೆದುಕೊಂಡು ಹೋಗಿ ಅವರ ಮುಂದೆ ಕೂತು ಕಣ, ಪೈಪು, ಉಂಗುರ ಎಲ್ಲವನ್ನೂ ಹೇಳಿದೆ. ಕಣದ ಮಾತು ಬಂದಾಗ ಸೆರಗು ಬಾಯಿಗೊತ್ತಿಕೊಂಡು ನಕ್ಕರು. “ಓದಿದ್ದು ಸಾರ್ಥಕ ಆಯ್ತು ಬಿಡು” ಎಂದರು.

ಅಲ್ಲಿಗೇ ಮುಗಿಸಿ ಎದ್ದು ಬರಬಹುದಿತ್ತು. “ಆ ಶಬ್ದ ನಮಗೂ ಕೇಳಿಸಿತ್ತು ದೊಡ್ಡಮ್ಮ” ಎಂದೆ. “ಇಬ್ರಿಗೂ. ಮೊದಲ್ನೇ ಹಂಪಲ್ಲೇ.”

ಅವರ ನಗು ನಿಂತಿತು. ಬಸುವನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಎದ್ದು ಒಳಗೆ ಹೋದರು. ಪಕ್ಕದ ಮನೆಯ ಗೋಡೆಯ ಹತ್ತಿರ ನಿಂತು, “ಆ ತರೀಕೆರೆಯವಂದೇನೂ ತಪ್ಪಿಲ್ಲವಂತೆ ಕಣೇ, ನಮ್ ಹುಡುಗ್ರದ್ದೇ” ಎನ್ನುವುದು ಕೇಳಿಸಿತು. ಆವತ್ತು ಅವರ ಮನೆಯಲ್ಲಿ ನಮಗೆ ಕಾಫಿ ಸಿಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಈಗಲೂ ದೊಡ್ಡಮ್ಮ ಅದೇ ಗಾಡಿಯಲ್ಲಿ ಓಡಾಡುತ್ತಾರೆ. ಆದರೆ ಹಾಡು ಹಾಕುವಂತಿಲ್ಲ. ಕಳೆದ ಭಾನುವಾರ ಅಜ್ಜಂಪುರದಿಂದ ತರೀಕೆರೆಗೆ ಬರುವಾಗ ನಾಲ್ಕು ಸಲ “ನಿಲ್ಸು” ಎಂದರು. ನಾಲ್ಕು ಸಲವೂ ಬಸು ನಿಲ್ಲಿಸಿದ, ನಾನು ಇಳಿದು ಗಾಡಿಯ ಕೆಳಗೆ ತೂರಿದೆ. ರಸ್ತೆಯಲ್ಲಿ ಹೋಗುವವರು ಬೈಕು ನಿಧಾನ ಮಾಡಿ, ಎತ್ತರಿಸಿದ ಗಾಡಿಯ ಕೆಳಗಿನಿಂದ ಚಾಚಿಕೊಂಡಿದ್ದ ನನ್ನ ಕಾಲುಗಳನ್ನು ನೋಡಿ ನಕ್ಕು ಹೋದರು. ನಾಲ್ಕನೆಯ ಸಲ ಎದ್ದು ಬಂದು, “ಏನೂ ಇಲ್ಲ ದೊಡ್ಡಮ್ಮ, ಸರಿಯಾಗಿ ಕೂತಿದೆ” ಎಂದೆ.

“ನೋಡಿದ್ಯಾ, ಇಲ್ಲ ಸುಮ್ನೆ ಹೇಳ್ತಿದೀಯಾ?”

ನಾನು ಮತ್ತೆ ಮಣ್ಣಿನ ಮೇಲೆ ಮಲಗಿ, ಎಡಗಡೆಯ ಸ್ಪ್ರಿಂಗಿನ ಕೆಳತುದಿಯ ಸುತ್ತ ನಿಧಾನವಾಗಿ ಬೆರಳಾಡಿಸಿದೆ.