ಊರೊಳಗೊಂದು ರೇಟು, ಹೊರಗೊಂದು ರೇಟು

ನನ್ನ ಗಂಡನ ಕೆಲಸ ಹೋದ ದಿನ ಅವರು ಮನೆಗೆ ಜಿಲೇಬಿ ತಂದಿದ್ದರು. ಕೆಲಸ ಹೋಗಿದೆ ಎನ್ನುವುದೇ ಅವರಿಗೆ ತಿಳಿದಿರಲಿಲ್ಲ.

ಅವರು ಯಶವಂತಪುರದ ಒಂದು ಸಣ್ಣ ಕಂಪನಿಯಲ್ಲಿ ಕೋಲ್ಡ್ ಸ್ಟೋರೇಜ್ ಮೆಕ್ಯಾನಿಕ್. ಆಲೂಗೆಡ್ಡೆ, ಹುಣಸೆಹಣ್ಣು, ಮೀನು ಇಡುವ ದೊಡ್ಡ ಗೋದಾಮುಗಳಲ್ಲಿ ಯಂತ್ರ ಕೆಟ್ಟರೆ ಹೋಗಿ ಸರಿಮಾಡುವುದು. ಅಂದು ಮ್ಯಾನೇಜರು ಎಲ್ಲರನ್ನೂ ಕೂರಿಸಿ, ಇನ್ನು ಮೇಲೆ ಸಂಬಳವಿಲ್ಲ, ನೀವೆಲ್ಲ ಕಾಂಟ್ರಾಕ್ಟರ್‌ಗಳು, ದುಡಿದ ದಿನಕ್ಕೆ ದುಡ್ಡು ಎಂದಿದ್ದರು. ಪಿಎಫ್, ಇಎಸ್‌ಐ ಇರುವುದಿಲ್ಲ ಎಂದೂ ಹೇಳಿದ್ದರು. ರೇಟು ನೀವೇ ಹೇಳಿ ಎಂದದ್ದು ಕೊನೆಗೆ. ಇವರ ಕಿವಿಗೆ ಬಿದ್ದದ್ದು ಅದು ಮಾತ್ರ.

"ರೇಟು ನಾವೇ ಹೇಳ್ಬೋದಂತೆ ಕಣೇ! ಊರೊಳಗೆ ಇಷ್ಟು, ಹೊರಗಡೆ ಹೋದ್ರೆ ಇಷ್ಟು ಅಂತ."

ಮರುದಿನ ಭಾನುವಾರ. ಗಂಗಾನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವರೂ ಎದುರಿಗೆ ಕೂತು ಸುಲಿಯತೊಡಗಿದರು. ಊರೊಳಗಿನ ಕೆಲಸಕ್ಕೆ ದಿನಕ್ಕೆ ಎರಡು ಸಾವಿರ ಎನ್ನುವುದು ಬೇಗ ತೀರ್ಮಾನವಾಯಿತು. ಹೊರಗಿನದಕ್ಕೆ ಅವರು ಮೂರು ಎಂದರು. ಊಟ, ರೂಮು ಕರೆಸಿದವರದು.

"ರೈಲಲ್ಲಿ ಕೂತಿರೋ ದಿನಕ್ಕೆ?" ಎಂದೆ.

"ಅದಕ್ಕ್ಯಾರು ಕೊಡ್ತಾರೆ? ಸುಮ್ನೆ ಕೂತಿರ್ತೀನಷ್ಟೇ."

"ಮನೇಲೇನೂ ಕೂತಿರಲ್ವಲ್ಲ ನೀವು."

ಅವರು ಯೋಚಿಸಿ, "ಸರಿ, ಅರ್ಧ ಕೇಳ್ತೀನಿ" ಎಂದರು.

"ಸ್ಪೇರ್ ಬರೋವರ್ಗೂ ಕಾಯೋ ದಿನಕ್ಕೆ?"

"ಅದಕ್ಕೂ ಅರ್ಧ."

"ಅಲ್ಲಿ ಹುಷಾರು ತಪ್ಪಿ ಮಲಗಿದ್ರೆ?"

"ಥೂ, ಬಿಡ್ತು ಅನ್ನು!"

ಬಿಡ್ತು ಎಂದೆ. ಆಮೇಲೆ, ಹೊರಗಿನದಕ್ಕೆ ನಾಲ್ಕು ಸಾವಿರ ಕೇಳಿ ಎಂದೆ. "ಅಷ್ಟು ಕೇಳಿದ್ರೆ ಯಾರೂ ಕರಿಯಲ್ಲ" ಎಂದರು. "ಕರೀದೇ ಇರ್ಲಿ ಅಂತಾನೇ ಹೇಳ್ತಿರೋದು" ಎಂದೆ. ಅವರು ಜೋರಾಗಿ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಮದುವೆಯಾದಾಗಿನಿಂದ ತಿಂಗಳಲ್ಲಿ ಅರ್ಧ ಅವರು ಊರಲ್ಲಿರುತ್ತಿರಲಿಲ್ಲ. ಹಬ್ಬದ ದಿನ ಒಬ್ಬಳೇ ಉಂಡು ಪಾತ್ರೆ ತೊಳೆದಿಟ್ಟದ್ದಕ್ಕೆ ಯಾರೂ ಬೆಲೆ ಕೇಳಿರಲಿಲ್ಲ. ಈಗ ಕೇಳಿದ್ದರು, ಹೇಳಿದೆ. ಕೊನೆಗೆ ಮೂರೂವರೆಗೆ ನಿಂತಿತು.

ಮ್ಯಾನೇಜರು ಒಂದು ರೂಪಾಯಿಯೂ ಚೌಕಾಸಿ ಮಾಡದೆ ಒಪ್ಪಿದರು. ನನಗೆ ಆಗಲೇ ಅಳುಕಾಯಿತು. ಆರ್.ಟಿ. ನಗರದ ಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು. ಚೌಕಾಸಿಯಿಲ್ಲದೆ ತರಕಾರಿಯನ್ನೂ ಯಾರೂ ಕೊಳ್ಳುವುದಿಲ್ಲ ಎನ್ನುವುದು ಗೊತ್ತಿತ್ತು.

ಕೆಲವೇ ತಿಂಗಳಲ್ಲಿ ಊರೊಳಗಿನ ಕೆಲಸ ನಿಂತುಹೋಯಿತು. ಅದಕ್ಕೆಲ್ಲ ಅರ್ಧ ರೇಟಿಗೆ ಬೈಕಿನಲ್ಲಿ ಓಡಾಡುವ ಹೊಸಬರು ಬಂದಿದ್ದರು. ಇವರಿಗೆ ಉಳಿದದ್ದು ಹೊರಗಿನದು. ಆಗ ಮ್ಯಾನೇಜರ ಫೋನು ಶುರುವಾಯಿತು. "ಗುರು, ನಿಮ್ ರೇಟು ಪಾರ್ಟಿ ಒಪ್ತಿಲ್ಲ. ಸ್ವಲ್ಪ ನೋಡ್ಕೊಂಡು ಹೇಳಿ." ಮೊದಲು ಕಾಯುವ ದಿನದ ದುಡ್ಡು ಹೋಯಿತು. ಆಮೇಲೆ ರೈಲಿನ ದಿನದ್ದು. ಮೂರೂವರೆ ಮೂರಾಯಿತು, ಎರಡೂವರೆಯಾಯಿತು. ಪ್ರತಿ ಸಲವೂ ಇವರು ನನ್ನ ಮುಖ ನೋಡದೆ, "ಇದೊಂದ್ಸಲ ಅಷ್ಟೇ" ಎನ್ನುತ್ತಿದ್ದರು.

ಗುಜರಾತಿನ ಕಡಲ ದಂಡೆಯ ಒಂದು ಊರಿನಲ್ಲಿ, ಮೀನು ಇಡುವ ಗೋದಾಮಿನಲ್ಲಿ, ಹಳೆಯ ವಾಲ್ವ್ ಒಂದು ಒಡೆದು, ತಂಪು ಮಾಡಲು ತುಂಬಿದ್ದ ಅಮೋನಿಯಾ ಗ್ಯಾಸು ನುಗ್ಗಿತು. ಇವರು ಅದರ ಪಕ್ಕದಲ್ಲೇ ಇದ್ದರು. ನಾನು ಹೋಗಿ ಸೇರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ್ದರು, ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಕೈ ಮುಟ್ಟಿದೆ. ನಾನೆಂದು ಗೊತ್ತಾಗಿ ಬೆರಳು ಹಿಡಿದುಕೊಂಡರು. ಮಾತಾಡಲು ಆಗುತ್ತಿರಲಿಲ್ಲ.

ವರಾಂಡಕ್ಕೆ ಬಂದು ಮ್ಯಾನೇಜರಿಗೆ ಫೋನು ಮಾಡಿದೆ. "ಆಸ್ಪತ್ರೆ ಬಿಲ್ಲು ಪಾರ್ಟಿ ಕಟ್ತಾರೆ ಮೇಡಂ" ಎಂದರು. "ಆದ್ರೆ ಮಲಗಿರೋ ದಿನಕ್ಕೆ ರೇಟು ಹೆಂಗೆ ಕೊಡೋದು? ನೀವೇ ಹೇಳಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು. ನಾನು ಫೋನು ಇಟ್ಟೆ.

ಕಣ್ಣು ಉಳಿಯಿತು. ಶ್ವಾಸಕೋಶ ಸುಟ್ಟಿದೆ, ಮೊದಲಿನಂತಾಗುವುದಿಲ್ಲ, ಆ ಗ್ಯಾಸಿನ ಹತ್ತಿರ ಇನ್ನು ಸುಳಿಯಬಾರದು ಎಂದು ಹೆಬ್ಬಾಳದ ಡಾಕ್ಟರು ಹೇಳಿದರು. ಮೊದಲ ಮಹಡಿಯ ನಮ್ಮ ಮನೆಗೆ ಹತ್ತುವಾಗ ಇವರು ನಡುವೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಕೆಳಗಿನ ಮನೆಯವರು ಕುರ್ಚಿ ತಂದುಕೊಟ್ಟರೆ ಬೇಡವೆನ್ನುತ್ತಿದ್ದರು.

ಸ್ವಲ್ಪ ಚೇತರಿಸಿಕೊಂಡು ಯಲಹಂಕದ ಅಪಾರ್ಟ್‌ಮೆಂಟುಗಳಲ್ಲಿ ಎಸಿ ಸರ್ವಿಸ್‌ಗೆ ಹೋದರು. ಬಾಲ್ಕನಿಗೆ ಬಾಗಿ ಹೊರಗಿನ ಯೂನಿಟ್ ಬಿಚ್ಚಬೇಕು, ಧೂಳು ಊದಬೇಕು. ಒಂದು ಮನೆಯಲ್ಲಿ ಕೆಮ್ಮು ತಡೆಯಲಾಗದೆ ನೆಲದ ಮೇಲೆ ಕೂತಾಗ, ಮನೆಯಾಕೆ ಹೆದರಿ ಸೆಕ್ಯೂರಿಟಿಯವನನ್ನು ಕರೆದರಂತೆ. ಅಲ್ಲಿಗೆ ಅದೂ ಮುಗಿಯಿತು. ನಾನು ಟ್ಯೂಷನ್ ಹೆಚ್ಚಿಸಿಕೊಂಡೆ. ಮಕ್ಕಳು ನಡುಮನೆಯಲ್ಲಿ ಮಗ್ಗಿ ಹೇಳುವಾಗ ಇವರು ಕೋಣೆಯ ಬಾಗಿಲು ಹಾಕಿಕೊಂಡು ಕೆಮ್ಮುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಬ್ಬ ಕಾಂಟ್ರಾಕ್ಟರು ಫೋನು ಮಾಡಿದ. ಛತ್ತೀಸ್‌ಗಢದಲ್ಲಿ ಮತ್ತೆ ಕೋಲ್ಡ್ ಸ್ಟೋರೇಜ್ ಕೆಲಸ, ಅದೇ ಗ್ಯಾಸು. ಇಲ್ಲಿ ಅಲ್ಲಿ ಎಂದು ಎರಡು ರೇಟಿಲ್ಲ, ಎಲ್ಲಿಗೆ ಹೋದರೂ ಒಂದೇ.

"ಹೋಗ್ಬೇಡಿ" ಎಂದೆ.

"ನಿಂತ್ಕೊಂಡು ಹೇಳ್ಕೊಡೋದಷ್ಟೇ ಕಣೇ. ಕೈ ಹಾಕಲ್ಲ."

"ನಿಮಗೆ ಕೈ ಹಾಕ್ದೆ ಇರಕ್ಕಾಗತ್ತಾ?"

ಅವರು ಸಾಮಾನಿನ ಚೀಲ ಎಳೆದುಕೊಂಡು ಸ್ಪ್ಯಾನರ್ ಒರೆಸತೊಡಗಿದರು. ಒರೆಸುತ್ತಲೇ ಕೇಳಿದರು. "ಎಷ್ಟು ಕೇಳ್ಲಿ? ನೀನೇ ಹೇಳು."

ಆ ತಿಂಗಳ ಬಾಡಿಗೆಯನ್ನು ನಾನಿನ್ನೂ ಕೊಟ್ಟಿರಲಿಲ್ಲ. ಇನ್‌ಹೇಲರ್ ಕೂಡ ಮುಗಿಯುತ್ತಾ ಬಂದಿತ್ತು.

"ಅವ್ರು ಎಷ್ಟು ಕೊಡ್ತಾರೋ ಅಷ್ಟು" ಎಂದೆ.

ಯಲಹಂಕ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅವರ ಸಾಮಾನಿನ ಚೀಲವನ್ನು ನಾನೇ ಹೊತ್ತುಕೊಂಡೆ. ಅದು ಅಷ್ಟು ಭಾರವೆಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ರೈಲು ಬಂದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. "ಹುಷಾರು" ಎಂದೆ. ತಲೆಯಾಡಿಸಿದರು.

ಅಲ್ಲಿಂದ ಸಂಜೆ ಹೊತ್ತು ಫೋನು ಮಾಡುತ್ತಾರೆ. ಮಾತಿಗಿಂತ ಕೆಮ್ಮೇ ಹೆಚ್ಚು ಕೇಳುತ್ತದೆ. ಹಿಂದೆ ಯಂತ್ರದ ಸದ್ದೂ ಇರುತ್ತದೆ, ತುಂಬಾ ಹತ್ತಿರದಿಂದ. ಅದರ ಪಕ್ಕದಲ್ಲೇ ನಿಂತಿದ್ದೀರಾ ಎಂದು ನಾನು ಕೇಳುವುದಿಲ್ಲ. ಊಟ ಆಯಿತಾ ಎಂದು ಕೇಳುತ್ತೇನೆ. ಆಯಿತು ಎನ್ನುತ್ತಾರೆ.