ಹಾಳೂರುಗಳ ಕಂಡಕ್ಟರ್

ಆಳಂದದ ಗೌಸಮೊಹಿದ್ದೀನ ಅವರನ್ನು ತೊಗರಿಯಂತೆ ತಕ್ಕಡಿಗೆ ಹಾಕಿದರೆ ಎರಡನೇ ದರ್ಜೆಯ ಮಾಲು. ಕಾಳು ಸಣ್ಣದು, ತೇವಾಂಶ ಇಲ್ಲವೇ ಇಲ್ಲ, ಪೈಜಾಮಕ್ಕೆ ಅಂಟಿದ ಮುಳ್ಳು-ಕಸವೆಂದು ನೂರಕ್ಕೆ ನಾಲ್ಕು ಕಳೆಯಬೇಕು. ಹೆಗಲಿಗೊಂದು ತಗಡಿನ ಕೊಳವೆ, ಅದರೊಳಗೆ ಎಂಬತ್ತು ವರ್ಷದ ಹಿಂದಿನ ನಕಾಶೆ. ಲಿಲಾವಿನಲ್ಲಿ ಯಾರೂ ಬೆಲೆ ಕೂಗದ ಮನುಷ್ಯ.

ಆಳಂದ, ಅಫಜಲಪುರ, ಜೇವರ್ಗಿ ದಾರಿಗಳಲ್ಲಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ನಿವೃತ್ತಿಯ ವರ್ಷ ರದ್ದಿ ಅಂಗಡಿಯಲ್ಲಿ ಆ ನಕಾಶೆ ಸಿಕ್ಕಿತು. ಹಳ್ಳ, ಬಾವಿ, ಗುಡ್ಡ, ಮನೆ ಮನೆಗೊಂದು ಕರೀ ಚುಕ್ಕಿ. ನೋಡುತ್ತ ಹೋದಂತೆ, ತಾವು ಒಮ್ಮೆಯೂ ಹೆಸರು ಕೂಗದ ಊರುಗಳು ಕಂಡವು. ಅಂದಿನಿಂದ ಅವುಗಳನ್ನು ಹುಡುಕಿಕೊಂಡು ಹೋಗುವುದೇ ಕೆಲಸ.

"ಸತ್ತ ಊರಾಗ ಯಾರ್ ಇಳೀತಾರ್ರಿ?" ಅನ್ನುತ್ತಾರೆ ಹೆಂಡತಿ ಪೀರಬಿ.

ಇಳಿಯುವವರು ಇವರೊಬ್ಬರೇ. ಕೋಲಿನಿಂದ ನೆಲ ಕುಟ್ಟಿ, ಸದ್ದು ಕೇಳಿ, ಆಮೇಲೆ ಹೆಜ್ಜೆ. ಹಗೇವಿನ ಹೆದರಿಕೆ. ಮನೆ ಮುಂದೆ ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಕುಣಿ ಅದು, ಮೇಲಿನ ಮಣ್ಣು ಕುಸಿದರೆ ಮನುಷ್ಯ ಒಳಗೇ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಮೊದಲು ಕಂದೀಲು ಇಳಿಸುವ ರೂಢಿ: ಉರಿದರೆ ಇಳಿಯಬೇಕು, ಆರಿದರೆ ಬಿಡಬೇಕು. ಇವರಿಗೆ ಏಳು ವರ್ಷವಿದ್ದಾಗ, ಜೇವರ್ಗಿ ಕಡೆಯ ಅಜ್ಜಿಯ ಊರಲ್ಲಿ, ಸೋದರಮಾವ ಅವಸರಕ್ಕೆ ಹಾಗೇ ಇಳಿದ. ಮೇಲೆ ಬರಲಿಲ್ಲ. ಅವನನ್ನು ಎತ್ತಲು ಇಳಿದವನೂ ಬರಲಿಲ್ಲ. ಕಂದೀಲು ಇವರ ಕೈಯಲ್ಲೇ ಇತ್ತು. ಹಾಡಹಗಲು ಅಂತ ಯಾರೂ ಅದನ್ನು ಕೇಳಿರಲಿಲ್ಲ.

ಹೋದ ವರ್ಷ ನಾವು ಅಣ್ಣತಮ್ಮ ಕಡಗಂಚಿ ಹತ್ತಿರ ತೊಗರಿ ಗೋದಾಮಿಗೆಂದು ಹೊಲ ಹಿಡಿದೆವು. ಸುದ್ದಿ ಕೇಳಿ ಅವರು ನಮ್ಮ ತೊಗರಿ ವ್ಯಾಪಾರದ ಅಂಗಡಿಗೆ ಬಂದು ನಕಾಶೆ ಹಾಸಿದರು.

"ಸಾವಕಾರ್ರ, ಈ ಹೊಲದಾಗ ಊರಿತ್ತು. ಇಪ್ಪತ್ತ ಮನಿ. ಮನಿ ಇದ್ದಲ್ಲಿ ಹಗೇವು ಇರ್ತಾವ. ನಾಳೆ ಜೆಸಿಬಿ ಹಚ್ಚಬ್ಯಾಡ್ರಿ."

"ಆ ಊರವ್ರು ಬಾಡಿಗಿ ಕೇಳಾಕ ಬಂದ್ರ ನಿಮ್ಮ ಮನಿಗೇ ಕಳಸ್ತೇನಿ, ಹೋಗ್ರಿ." ಅಂದವನು ನಾನೇ. ಅಂಗಡಿಯೆಲ್ಲ ನಕ್ಕಿತು.

ಮರುದಿನ ಮೊದಲ ಬಸ್ಸಿಗೆ ಅವರು ಕಂದೀಲು ಹಿಡಿದು ಹತ್ತಿದರು. ಸಾವಿರ ಸಲ ಓಡಾಡಿದ ದಾರಿ, ಅಂದು ಮುಗಿಯಲೊಲ್ಲದು. ಪ್ರತಿ ಸ್ಟಾಪಿನಲ್ಲೂ ಅವರೇ ಎದ್ದು "ರೈಟ್, ರೈಟ್" ಅಂದರಂತೆ.

ಹೊಲ ಮುಟ್ಟುವಷ್ಟರಲ್ಲಿ ಜೆಸಿಬಿ ಒಂದು ಹಾಸುಗಲ್ಲು ಎತ್ತಿಯಾಗಿತ್ತು. ಕೆಳಗೆ ದುಂಡನೆಯ ಕರೀ ಬಾಯಿ. ನನ್ನ ತಮ್ಮ ತುಷಾರ ಸೊಂಟಕ್ಕೆ ಹಗ್ಗ ಬಿಗಿದು ಒಂದು ಕಾಲು ಒಳಗೆ ಬಿಟ್ಟಿದ್ದ. ಕೊಪ್ಪರಿಗೆ ಬಂಗಾರದ ಆಸೆ. ಹಗ್ಗ ಹಿಡಿದವನು ಜೆಸಿಬಿ ಡ್ರೈವರ್ ಮಸೂದ.

"ನಿಲ್ಲೋ ಬೇಟಾ!"

"ಯಾಕ್ರಿ ಚಾಚಾ, ಟಿಕೆಟ್ ತಗೋಬೇಕೇನು?" ತುಷಾರ ನಕ್ಕ.

"ಮೊದ್ಲ ಕಂದೀಲ ಇಳಸೂಣು."

"ಬೆಳಕ ಐತಲ್ರಿ ಇಲ್ಲೇ." ಮೊಬೈಲ್ ಟಾರ್ಚ್ ಹಾಕಿದ. ತಳದ ಮಣ್ಣು ಸ್ಪಷ್ಟ ಕಂಡಿತು.

"ಅದು ಆರೂದಿಲ್ಲಪ್ಪ. ನನಗ ಆರೂ ದೀಪ ಬೇಕು."

ಗೀರಿದ ಮೂರು ಕಡ್ಡಿ ಮುರಿದವು. ನಾಲ್ಕನೆಯದು ಹತ್ತಿತು. ಹಗ್ಗ ಕಟ್ಟಿ ಕಂದೀಲು ಬಿಟ್ಟರು. ಒಂದಾಳುದ್ದ ಚೆನ್ನಾಗೇ ಉರಿಯಿತು. ಆಮೇಲೆ ಉರಿ ಕುಗ್ಗಿ, ನೀಲಿಯಾಗಿ, ಆರಿತು.

"ಗಾಳಿಗೆ ಆರಿರ್ಬೇಕ್ರಿ," ಅಂದ ತುಷಾರ. ದನಿ ಸಣ್ಣದಾಗಿತ್ತು.

"ಗಾಜಿನೊಳಗ ಯಾವ ಗಾಳಿ ಬರ್ತೈತಿ?"

ಮತ್ತೆ ಹಚ್ಚಿ ಇಳಿಸಿದರು. ಅದೇ ಆಳ, ಅದೇ ಕತ್ತಲೆ.

ತುಷಾರ ಕಾಲನ್ನು ಮೇಲೆ ಎಳೆದುಕೊಂಡದ್ದು, ಯಾರದೋ ಕಾಲು ಎಳೆಯುತ್ತಿರುವಂತೆ. ಮಸೂದ ಕೇಳಿದ: "ಚಾಚಾ, ಇಂಥಾವು ಇನ್ನಾ ಎಷ್ಟ್ ಅದಾವ್ರಿ?"

ಗೌಸಮೊಹಿದ್ದೀನ ನಕಾಶೆ ಬಿಚ್ಚಿದರು. ಬೆರಳಿಟ್ಟು ಒಂದೊಂದೇ ಚುಕ್ಕಿ ತೋರಿಸಿದರು. ಜೆಸಿಬಿ ನಿಂತದ್ದು ಆ ಚುಕ್ಕಿಗಳ ನಡುವೆಯೇ.

"ಮಶೀನ್ ಬಂದ್ ಮಾಡು. ಬಂದ ಗಾಲಿ ಗುರುತಿನ ಮ್ಯಾಲೇ ಕಾಲಿಡ್ರಿ, ಒಬ್ಬೊಬ್ಬರಽ."

ಮುಂದೆ ಅವರು, ಕೋಲು ಕುಟ್ಟುತ್ತ. ಹಿಂದೆ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಇಬ್ಬರು. ರಸ್ತೆ ಮುಟ್ಟಿದ ಮೇಲೆ ಅವರು ಡಾಂಬರಿನ ಮೇಲೇ ಕುಕ್ಕರಿಸಿದರು.

ಗೋದಾಮು ಆ ಹೊಲದಲ್ಲಿ ಏಳಲಿಲ್ಲ. ನನ್ನ ತಮ್ಮನ ಜೀವಕ್ಕೆ ನಾನು ಗೌಸಮೊಹಿದ್ದೀನ ಅವರಿಗೆ ಋಣಿ. ಅಂಗಡಿಯಲ್ಲಿ ನಕ್ಕದ್ದಕ್ಕೆ ಮಾಫಿ ಕೇಳುವುದು ಇನ್ನೂ ಬಾಕಿ ಇದೆ.