ಮಾವನ ಕೋವಿ

ನನ್ನ ಮಾವನ ಬಲಗೆನ್ನೆಯ ಮೇಲೆ ಸಾಸಿವೆ ಎರಚಿದಂತೆ ನೀಲಿಗಪ್ಪು ಚುಕ್ಕೆಗಳಿದ್ದವು. ಎಂದೋ ಕೋವಿಮದ್ದು ಸಿಡಿದು ಚರ್ಮದೊಳಗೆ ಕೂತದ್ದು. ಸಿಟ್ಟು ಬಂದಾಗ ಕೆನ್ನೆ ಕೆಂಪಾಗಿ ಅವು ಎದ್ದು ಕಾಣುತ್ತಿದ್ದವು. ನಾನು ಸೊಸೆಯಾಗಿ ಬಂದ ಮೇಲೆ ಅವು ಎದ್ದು ಕಾಣದ ದಿನ ಕಡಿಮೆ.

ನಾನು ಕಿಕ್ಕೇರಿ ಕಡೆಯವಳು. ಕ್ಯಾತನಹಳ್ಳಿಯ ಮಾವನ ಮನೆಯಲ್ಲಿ, ಕಬ್ಬಿಗೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲು ಲೈಸೆನ್ಸಿನ ಹಳೆಯ ಕೋವಿಯೊಂದಿತ್ತು. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಮದುವೆಯಾದ ವರ್ಷ ಆಯುಧಪೂಜೆಗೆ ಮಚ್ಚು, ಕುಡುಗೋಲುಗಳ ಜೊತೆ ಅದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕಲಸಿ ಮೂರು ಪಟ್ಟೆ ಎಳೆದು, ಕುಂಕುಮ ಇಟ್ಟೆ. ಚೆಂದ ಕಾಣಲಿ ಎಂದು ಮಾಡಿದ್ದು. ನಾಲ್ಕನೆಯ ದಿನ ಪಟ್ಟೆಗಳ ಕೆಳಗೆ ತುಕ್ಕು ಎದ್ದಿತ್ತು.

ಅಂದು ಮನೆಗೆ ನೆಂಟರು ಬಂದಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾವ ಕೋವಿ ಹಿಡಿದು ನಡುಮನೆಯಲ್ಲಿ ನಿಂತರು.

“ಕಬ್ಣಕ್ಕೆ ನೀರ್ ಬಳ್ದು ಮಡುಗವ್ಳೆ ನೋಡ್ರಪ್ಪ! ಎಲ್ಲಿಂದ ತಂದ್ರಿ ಇವಳ್ನ? ಇವಳಪ್ಪನ ಮನೇಲಿ ಒಂದು ಕುಡ್ಲೂ ಇರ್ನಿಲ್ವಾ?”

ನನ್ನ ಅಪ್ಪನೂ ಅದೇ ಪಂಕ್ತಿಯಲ್ಲಿದ್ದರು. ಮುದ್ದೆಗೆ ಕೈ ಹಾಕಿದವರು ಹಾಗೇ ಎದ್ದು, ಕೈ ತೊಳೆದು, ಬಸ್ಸು ಹತ್ತಿ ಹೋದರು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಮಾವ ನನ್ನೊಡನೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ನಾನು ಎದುರಿಗೇ ಇದ್ದರೂ “ಕಾಪಿ ತರಾಕೇಳು ಅವಳ್ಗೆ” ಎಂದು ಅತ್ತೆಗೆ ಹೇಳುತ್ತಿದ್ದರು. ನಾನೂ ಬಿಗುವಾಗಿಯೇ ಇದ್ದೆ. ಆದರೆ ಅಡುಗೆಮನೆಯ ಕಿಟಕಿಯಿಂದ ಅವರ ಕೈಗಳನ್ನು ನೋಡುತ್ತಿದ್ದೆ. ಕೋವಿ ಹಾರಿಸಿದ ದಿನವೇ ಒಲೆಯ ಮೇಲೆ ನೀರು ಕುದಿಯಬೇಕು. ನಳಿಗೆಯ ಬಾಯಿಂದ ಹೊಯ್ದ ನೀರು ಹಿಂದಿನ ಸಣ್ಣ ತೂತಿನಿಂದ ಕಪ್ಪಗೆ ಇಳಿಯುತ್ತಿತ್ತು. ತಿಳಿಯಾಗುವವರೆಗೂ ಹೊಯ್ಯುವರು. ಆ ಬಿಸಿಗೆ ಕಬ್ಬಿಣ ತಾನೇ ಒಣಗುವುದು. ಇನ್ನೂ ಬೆಚ್ಚಗಿರುವಾಗಲೇ, ಜೇನುಮೇಣ ಕರಗಿಸಿದ ಹರಳೆಣ್ಣೆಯನ್ನು ಒಳಗೂ ಹೊರಗೂ ತೆಳ್ಳಗೆ ಸವರುವರು. ಒಮ್ಮೆ ನನ್ನ ಗಂಡ ಟ್ರಾಕ್ಟರಿನ ಆಯಿಲ್ ಹಚ್ಚಲು ಹೋಗಿ ಬೈಸಿಕೊಂಡರು: “ಮದ್ದಿನ ಮಸಿಗೆ ಅದು ಬಿದ್ರೆ ಡಾಂಬರಾಯ್ತದೆ ಕಣ್ಲಾ! ನಿನ್ ತಲೆಗ್ ಅಚ್ಕೊ ಓಗು!”

ಹನ್ನೆರಡು ವರ್ಷ ಹೀಗೇ ಕಳೆಯಿತು. ಮಾವನ ಕಣ್ಣಿಗೆ ಪೊರೆ ಬಂದಿತ್ತು, ಮರೆವೂ ಸೇರಿತ್ತು. ಒಪ್ಪಿಕೊಳ್ಳುವ ಜಾತಿಯಲ್ಲ. ಒಂದು ಮಳೆಗಾಲದಲ್ಲಿ ಹಂದಿ ಬೆದರಿಸಿ ಬಂದವರು ಕೋವಿಯನ್ನು ತೊಳೆಯದೆ ಗೂಟಕ್ಕೆ ನೇತುಹಾಕಿ ಮರೆತುಬಿಟ್ಟರು. ಮೂರು ದಿನದ ಮೇಲೆ, ಅವರು ಮೇಲುಕೋಟೆಗೆ ಮದುವೆಗೆ ಹೋಗಿದ್ದಾಗ, ಕಸ ಗುಡಿಸುತ್ತಿದ್ದ ನನಗೆ ಕೊಳೆತ ಮೊಟ್ಟೆಯಂಥ ವಾಸನೆ ಹೊಡೆಯಿತು. ನಳಿಗೆಯೊಳಕ್ಕೆ ಬಟ್ಟೆಚೂರು ಇಳಿಸಿ ತೆಗೆದೆ. ಮಸಿ, ಮಸಿಯ ಜೊತೆ ಕೆಂಪು.

ಹಾಗೇ ಬಿಡೋಣ ಎನಿಸಿತು. ನೆಂಟರು ಸೇರಿದಾಗ ತಂದು ಎಲ್ಲರ ಮುಂದೆ ಹಿಡಿಯಬೇಕು ಎನಿಸಿತು. ಆದರೆ ತುಕ್ಕು ತಿಂದ ನಳಿಗೆ ಸಿಡಿದರೆ ಹೋಗುವುದು ಹಿಡಿದವರ ಕಣ್ಣು, ಕೈ. ಅಷ್ಟು ಕೆಟ್ಟವಳಲ್ಲ ನಾನು. ನೀರು ಕಾಯಿಸಿದೆ. ತೊಳೆದು, ಮೇಣದೆಣ್ಣೆ ಸವರಿ ಮತ್ತೆ ಗೂಟಕ್ಕೆ ಹಾಕಿದೆ.

ಸಂಜೆ ಮದುವೆಯಿಂದ ಬಂದ ಮಾವ ಕೋವಿ ಇಳಿಸಿ, ನಳಿಗೆಯ ಬಾಯಿಗೆ ಬೆರಳಿಟ್ಟು ಮೂಸಿದರು.

“ಯಾರು ಮುಟ್ದೋರು?”

“ನಾನೇ.”

“ನೀರು ಇನ್ನೂ ಕಾಯ್ಬೇಕಿತ್ತು.”

ಅಷ್ಟು ವರ್ಷದ ಮೇಲೆ ನನಗೇ ನೇರವಾಗಿ ಹೇಳಿದ ಮೊದಲ ಮಾತು ಅದು. ನನಗೆ ತಲೆ ಕೆಟ್ಟಿತು.

“ಮೂರು ದಿನ ಮಸಿ ತುಂಬ್ಕೊಂಡಂಗೇ ನೇತಾಕಿದ್ರಲ್ಲ ಮಾವ, ಆಗ ನೀರು ಗ್ಯಾಪ್ಕ ಬರ್ನಿಲ್ವಾ? ನಿಮ್ಮ ಬಾಯಿಗೆ ಎದ್ರಿ ನಮ್ಮಪ್ಪ ಉಣ್ಣೋದ್ ಬುಟ್ಟು ಎದ್ದೋದ್ರು!”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಕೋವಿಯನ್ನು ಗೋಡೆಗೆ ಒರಗಿಸಿ ಹೊರಗೆ ನಡೆದರು. ಎರಡು ದಿನ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಹರಳೆಣ್ಣೆಯ ಸೀಸೆ ತಂದು ಒಲೆಯ ಪಕ್ಕ ಕುಕ್ಕಿದರು.

“ನೀನು ಮೇಣ ಜಾಸ್ತಿ ಆಕಿದ್ದೆ ಕಣಮ್ಮಿ. ಬಾ ಇಲ್ಲಿ, ತೋರುಸ್ತೀನಿ.”

ಬೈಯುತ್ತಲೇ ಕಲಿಸಿದರು. ತಿರುಗಿ ಬೈಯುತ್ತಲೇ ಕಲಿತೆ. ಅಪ್ಪನ ವಿಷಯಕ್ಕೆ ಮಾತ್ರ ಒಂದು ಮಾತೂ ಆಡಲಿಲ್ಲ. ಅಪ್ಪ ತೀರಿಕೊಂಡಾಗ ಕಿಕ್ಕೇರಿಗೂ ಬರಲಿಲ್ಲ. ಅದನ್ನು ನಾನು ಇವತ್ತಿಗೂ ಮನ್ನಿಸಿಲ್ಲ.

ಹೋದ ವರ್ಷ ಮಾವ ಹೋದರು. ಲೈಸೆನ್ಸು ಅವರ ಹೆಸರಿನಲ್ಲಿದ್ದುದರಿಂದ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ಹಿಂದಿನ ದಿನ ತೊಳೆದು, ಒಣಗಿಸಿ, ಎಣ್ಣೆ ಸವರಿದೆ. ಅಳು ಬರಲಿಲ್ಲ. ಕೈಗಳು ಮಾತ್ರ ಯಾರನ್ನೂ ಕೇಳದೆ ಕೆಲಸ ಮಾಡಿದವು. ಅಷ್ಟು ಅವರು ನನಗೆ ಕೊಟ್ಟದ್ದು, ಇಲ್ಲವೆನ್ನಲಾರೆ.

ಕೋವಿಯ ಲೈಸೆನ್ಸಿಗೆ ವಾರಸುದಾರರ ಅರ್ಜಿ ಕೊಡಲು ಕಚೇರಿಗೆ ಹೋದಾಗ ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಸೊಸೆ ಹೆಸರಿಗಾ? ಮಗ ಇಲ್ವೇನಮ್ಮ?”

“ಅವ್ರೆ ಸಾ, ಆಚೆ ನಿಂತವ್ರೆ,” ಎಂದೆ. “ನೀವು ನನ್ನೆಸ್ರು ಬರ್ಕಳಿ.”